ಮೂರನೇ ಗಂಟಿ

ಹಿತ್ತಾಳಿ ಗಂಟಿ ಇಲ್ಲ ನಮ್ಮ ಚರ್ಚಿಗೆ.
ಬೇವಿನ ಟೊಂಗಿಗೆ ತಂತಿ ಬಿಗಿದು
ಜೋತು ಬಿಟ್ಟ ರೈಲು ಪಟ್ಟಿಯ ಮೊಳದುದ್ದ ತುಂಡು,
ಬೀದರ ಟೇಶನ್ನಿನ್ಯಾಗ ಗ್ಯಾಂಗಮನ್ ಇದ್ದ ನಮ್ಮ ಮುತ್ಯಾ
ಹೆಗಲ ಮ್ಯಾಲ ಹೊತ್ತು ತಂದದ್ದು.
ಕೇಳಿ ತಂದನೋ, ಕೇಳಲಾರದೆ ತಂದನೋ,
ಆ ಮಾತು ನಮ್ಮ ಮನ್ಯಾಗ ಯಾರೂ ಎತ್ತಂಗಿಲ್ಲ.

ಬಾರಿಸಿ ಬಾರಿಸಿ ನನ್ನ ಎಡಗಿವಿ ಮಂದ ಆಗ್ಯಾದ.
ಕಣ್ಣು ಛಲೋ ಅವ.

ಆರೂವರೆಗೆ ಮೊದಲನೇದು,
ಅದು ನೀರು ಕಾಸೋರಿಗೆ.
ಎಂಟಕ್ಕ ಎರಡನೇದು,
ಮಕ್ಕಳ ತಲಿಗೆ ಎಣ್ಣಿ ಒತ್ತೋರಿಗೆ,
ಇಸ್ತ್ರಿ ಅಂಗಿ ಹುಡುಕೋರಿಗೆ,
ನಿನ್ನಿ ರಾತ್ರಿ ಕುಡಿದು, ಇವತ್ತು ಮಾರಿ ತೋರಿಸಲೋ ಬ್ಯಾಡೋ ಅಂತ
ಹೊರಸಿನ ಮ್ಯಾಲ ಹೊರಳಾಡೋ ಇಮ್ಮಾನುವೇಲನಿಗೆ.
ಎಂಟೂವರೆಗೆ ಮೂರನೇದು.
ಅದು ಬಿತ್ತು ಅಂದ್ರ ಒಳಗ ಹಾಡು ಏಳ್ತದ.
ಇಪ್ಪತ್ತಾರು ವರ್ಷ ಆಯ್ತು,
ಮೊದಲನೇ ಹಾಡು ನಾ ಹೊರಗ ನಿಂತೇ ಕೇಳೀನಿ,
ಒಂದೇ ಕಿವಿಲೆ.

ಬೇವಿನ ಬುಡಕ್ಕ ನಿಂತ್ರ ಬರೋರೆಲ್ಲ ಕಾಣ್ತಾರ.
ದಸ್ತ್ಯಾಗ ಬೈಬಲ್ ಸುತ್ತಿ ಕಂಕುಳಾಗ ಹಿಡಿದ ಜೈವಂತ ಮಾಸ್ತರು
ಚಪ್ಪಲಿ ಬಿಡೋದು ಗ್ವಾಡಿ ಮೂಲ್ಯಾಗ,
ಬ್ಯಾರೆಯವರ ಚಪ್ಪಲಿ ತಮ್ಮದರ ಮ್ಯಾಲ ಏರಿದ್ರ
ಆ ವಾರದ ಪ್ರಾರ್ಥನಿ ಅವರಿಗೆ ಹತ್ತಂಗಿಲ್ಲ.
ದೀನಮ್ಮನ ಉಡ್ಯಾಗ ಜೋಳದ ಗಂಟು,
ದಿನಾ ಬೀಸಾಕ ಹಾಕೂ ಮುಂದ ತೆಗೆದಿಟ್ಟ ಒಂದೊಂದು ಹಿಡಿ,
ಏಳು ದಿನದ್ದು ಏಳು ಹಿಡಿ.
ಹಸಿವಿದ್ದ ವಾರ ಹಿಡಿ ಸಣ್ಣದಾಗ್ತದ,
ಲೆಕ್ಕ ತಪ್ಪಂಗಿಲ್ಲ.

ಇವತ್ತು ತಿಂಗಳ ಮೊದಲ ಐತವಾರ.
ಹುಮನಾಬಾದಿನ ಬೇಕರಿ ರೊಟ್ಟಿ ಬಂದಾದ.
ಮನುಕ ಕುದಿಸಿ, ಬಿಳಿ ಅರಿವ್ಯಾಗ ಹಿಂಡಿ
ನನ್ನ ಹೆಂಡತಿ ಸ್ಟೀಲಿನ ಚರಿಗ್ಯಾಗ ಇಟ್ಟಾಳ.
ಶಹಾಬಾದ ಫರಸಿ ತೊಳೆದು, ಜಮಖಾನಿ ಝಾಡಿಸಿ ಹಾಸ್ಯಾಳ.
ತಯಾರಿ ಎಲ್ಲಾ ಆಗ್ಯಾದ.
ಆಗಲಾರದ್ದು ಒಂದೇ.

ಮಿರ್ಯಮ್ಮ, ಸುಂದರಬಾಯಿ, ನೆಗೆಣ್ಣಿಗಳು.
ನಳದ ಪಾಳಿಗೆ ಕೊಡ ಕೊಡ ಬಡಿದು
ಮಾತು ಬಿಟ್ಟು ಹನ್ನೊಂದು ವಾರ.
ಹೋದ ತಿಂಗಳು ರೊಟ್ಟಿ ತಾಟು ಮುಂದ ಬಂದಾಗ
ಇಬ್ಬರೂ ತಲಿ ತಗ್ಗಿಸಿ ಕುಂತ್ರು, ತಾಟು ದಾಟಿ ಹೋಯ್ತು.
ಜಗಳ ಓಣಿಗೆ ಗೊತ್ತಿತ್ತು,
ಅವತ್ತು ದೇವರಿಗೂ ತಿಳಿಸಿದಂಗಾಯ್ತು.

ಈಗ ನೋಡಿದ್ರ ಮಿರ್ಯಮ್ಮ ಒಳಗ ಹೋಗಲಾರದೆ
ನೀರಿನ ಗಡಿಗಿ ಕಡೆ ಕಲ್ಲಿನ ಮ್ಯಾಲ ಕುಂತಾಳ.
ಸುಂದರಬಾಯಿ ಬಂದಳು, ಚಪ್ಪಲಿ ಬಿಟ್ಟಳು,
ತಲಿಮ್ಯಾಲಿನ ಸೆರಗು ಸರಿ ಮಾಡಿದಳು,
ಮತ್ತ ಮಾಡಿದಳು, ಮತ್ತ.
ನಡುವ ಎರಡು ಮಾರು ಜಾಗ.
ಎಂಟೂವರೆ.

ಬೋಲ್ಟು ಎತ್ತಿದೆ. ಇಳಿಸಿದೆ.

ಪಾಸ್ಟರ್ ಅಯ್ನೋರು ಬಾಗಿಲಿಗೆ ಬಂದು ಗಡಿಯಾರ ತೋರಿಸಿದರು.
ಹತ್ತೂವರೆಗೆ ಅವರು ಮುಂದಿನ ಊರಾಗ ಇರಬೇಕು,
ಅಲ್ಲೂ ಇಷ್ಟೇ ಮಂದಿ ಹಸಿದು ಕುಂತಿರ್ತಾರ.
"ಪ್ರೇಮದಾಸಾ, ಗಂಟಿ!"
ನಾ ಎಡಗಿವಿ ಮುಟ್ಟಿ, ಕೇಳ್ಸವಲ್ದು ಅಂತ ಕೈ ಆಡಿಸಿದೆ.
ಹುಸಿ ಹೇಳಿದ್ದು ಹೌದು.
ಅದರ ಲೆಕ್ಕ ಆಮ್ಯಾಲ ಒಪ್ಪಿಸ್ತೀನಿ.

ಅವರಿಬ್ಬರೂ ನನ್ನ ಎಡಕ್ಕ ಇದ್ದರು.
ಹಂಗಾಗಿ ಯಾರು ಮೊದಲ ಬಾಯಿ ಬಿಟ್ಟರೋ ಗೊತ್ತಿಲ್ಲ.
ತುಟಿ ಅಲುಗಿದ್ದು ಕಂಡೆ.
ಮಿರ್ಯಮ್ಮ ಗಡಿಗ್ಯಾಗ ಗಿಲಾಸ ಅದ್ದಿ ಮುಂದ ಹಿಡಿದಳು.
ಬಾಳ ಹೊತ್ತು ಹಿಡಿದಳು, ಕೈ ನಡುಗಿ ನೀರು ತುಳುಕೋತನಕ.
ಸುಂದರಬಾಯಿ ಇಸ್ಕೊಂಡು ಅರ್ಧ ಕುಡಿದು
ಅರ್ಧ ಬೇವಿನ ಬುಡಕ್ಕ ಹಾಕಿದಳು.
ಮತ್ತೇನೋ ಅಂದಳು ಮಿರ್ಯಮ್ಮ,
ಅದಕ್ಕ ಈಕಿ ಮಾರಿ ಮತ್ತ ತುಸು ಬಿಗೀತು.
ಒಂದೇ ಬಾಗಿಲಿಲೆ ಒಳಗ ಹೋದರು,
ಜೋಡಿಲೆ ಅಲ್ಲ, ಒಬ್ಬರ ಹಿಂದ ಒಬ್ಬರು.
ಇಷ್ಟು ಸಾಕೋ ಸಾಲದೋ
ರೊಟ್ಟಿ ಮುರಿಯೋರು ನೋಡ್ಕೊಳ್ಳಲಿ.

ಬಾರಿಸಿದೆ. ಹನ್ನೆರಡು ಏಟು.
ಒಳಗ ಹಾರ್ಮೋನಿಯಂ ಉಸಿರು ಎಳಕೊಂಡಿತು,
ಸಿಕ್ಕೊಂಡ ಆ ಒಂದು ಮಣಿ ಹಂಗೇ ಊದಲತ್ತಿತು.

ಅಷ್ಟರಾಗ ಓಣಿ ತಿರುವಿನ್ಯಾಗ ಇಮ್ಮಾನುವೇಲ,
ಹಸಿ ತಲಿ, ಗುಂಡಿ ಒಂದು ಮ್ಯಾಲ ಒಂದು ಕೆಳಗ.
"ಮುಗೀತೇನಣ್ಣಾ ಗಂಟಿ?"
"ಇಲ್ಲೋ, ಒಂದೇಟು ಉಳಿದದ, ಲಗೂ ನಡಿ."

ಉಳಿದಿರಲಿಲ್ಲ.
ಹೊಡೆದೆ.