ಉಪ್ಪಿನಕಾಯಿ ಸೀಸೆಯಲ್ಲಿ ಗುಡ್ಡ

ಮೊದಲು ಒಂದು ಸೀಸೆ ಬೇಕು.
ಬೊಳ್ಳವ್ವ ತಂದದ್ದು ಕೈಪುಳಿ ಉಪ್ಪಿನಕಾಯಿಯದು,
ಎಷ್ಟು ತೊಳೆದರೂ ಬಾಯಲ್ಲಿ ಹುಳಿ ವಾಸನೆ.
ಮೂರರಲ್ಲೊಂದು ಪಾಲು ಮಣ್ಣು, ಮಿಕ್ಕದ್ದು ನೀರು, ಚಿಟಿಕೆ ಉಪ್ಪು,
ಮುಚ್ಚಳ ಬಿಗಿದು ಕುಲುಕಿ
ಮೋರಿಕಟ್ಟೆಯ ಮೇಲಿಟ್ಟು ಕೈಕಟ್ಟಿ ಕೂರಬೇಕು.

ಅರವತ್ತು ಎಣಿಸುವುದರೊಳಗೆ ಮರಳು ತಳ ಸೇರುತ್ತದೆ,
ಅದಕ್ಕೆ ಯೋಚನೆ ಕಡಿಮೆ.
ಒಂದು ಲೋಟ ಬೆಲ್ಲದ ಕಾಫಿ ಮುಗಿಯುವಷ್ಟರಲ್ಲಿ ಗೋಡು.
ಜೇಡಿ ಮಾತ್ರ ಇಳಿಯುವುದಿಲ್ಲ.
ನಾಳೆಯವರೆಗೂ ನೀರಿನಲ್ಲೇ ನಿಂತು
ಎಲ್ಲಿಗೆ ಹೋಗಲಿ ಎಂದು ಕೇಳುತ್ತಿರುತ್ತದೆ.

"ಇದೇ ಮಣ್ಣಾ?" ಅಂದಳು ಬೊಳ್ಳವ್ವ.
ಇದೇ.
ಮಾದಾಪುರದ ಆಚೆಯ ಗುಡ್ಡ ಒಂದು ಬೆಳಗ್ಗೆ
ಅವಳ ಕೊಟ್ಟಿಗೆ, ಒಲೆಮನೆ, ನೆಲ್ಲಕ್ಕಿಯ ನಡುವಿನಿಂದ ನಡೆದು
ಹೊಳೆಗೆ ಇಳಿದಿತ್ತು,
ಹೋಗುವಾಗ ಹನ್ನೆರಡು ಅಡಿ ಕೆಂಪು ಬಿಟ್ಟು.

ಕಂಟ್ರಾಕ್ಟರ್ ಪಳಂಗಪ್ಪ ಅದನ್ನೆಲ್ಲ ಟಿಪ್ಪರಿನಲ್ಲಿ ಎಸೆದು
ಘಟ್ಟದ ಕೆಳಗಿಂದ ಸುಟ್ಟ ಇಟ್ಟಿಗೆ ತರಿಸುವ ಲೆಕ್ಕ ಬರೆದಿದ್ದ.
ಕೊನೆಯ ಸಾಲು ಓದಿ
ಕಾಗದ ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿದಳು.
"ಎಸೆಯೋದು ಎಲ್ಲಿಗೆ? ಇನ್ನೊಬ್ಬರ ಮನೆ ಮೇಲಕ್ಕಾ?"

ಆಮೇಲೆ ನಮ್ಮನ್ನು ಕರೆದದ್ದು.
ಸುಂಟಿಕೊಪ್ಪದಿಂದ ಪಿಕಪ್ಪಿನಲ್ಲಿ ನಾನು, ಜಮೀಲಾ,
ನಾಲ್ಕು ಆಳು, ಒಂದು ಹಿಡಿಯಂತ್ರ.

ಪುತ್ತರಿ ಕಳೆದ ವಾರ ಜರಡಿ ಹಿಡಿದೆವು.
ಜರಡಿಗೆ ಗೊತ್ತಿರುವುದು ಎರಡೇ ಮಾತು: ಹೋಗು, ನಿಲ್ಲು.
ನಿಂತವು
ಕಾಫಿಯ ಬೇರು, ಬೆಣಚುಕಲ್ಲು,
ಪಾಪುಟ್ಟು ತಟ್ಟೆಯ ಅಂಚು, ಹಲ್ಲುಜ್ಜುವ ಬ್ರಶ್ಶು,
ತೂಗುದೀಪದ ಸರಪಳಿಯ ಮೂರು ಕೊಂಡಿ.
ಜಮೀಲಾ ಒಂದೊಂದನ್ನೂ ಒರೆಸಿ ಬಕೆಟಿಗೆ ಹಾಕುತ್ತ ಬಂದಳು.
ಸಂಜೆಗೆ ಬಕೆಟು ತುಂಬಿತ್ತು.
ಯಾರೂ ಅದನ್ನು ಎತ್ತಲಿಲ್ಲ.

ಜೇಡಿ ಜಾಸ್ತಿ, ಕ್ವಾರಿ ಪುಡಿ ಬೆರೆಸಿದೆವು.
ಹದಿನಾಲ್ಕು ಬುಟ್ಟಿಗೆ ಒಂದೇ ಬುಟ್ಟಿ ಸಿಮೆಂಟು.
ನೀರು ಕೈಯಳತೆ: ಉಂಡೆ ಕಟ್ಟಬೇಕು, ಅಂಗೈ ಒದ್ದೆಯಾಗಬಾರದು.
"ಪುಟ್ಟಿನ ಹಿಟ್ಟಿನ ಹದ" ಅಂದಳು ಜಮೀಲಾ,
ನನ್ನ ಹತ್ತು ವರ್ಷದ ಕಸುಬನ್ನು ಮೂರು ಮಾತಿನಲ್ಲಿ ಮುಗಿಸಿ.

ಅಚ್ಚಿಗೆ ಸುರಿ, ಮುಚ್ಚಳ ಎಳೆ, ಹಿಡಿಗೆ ಮೈಭಾರ ಹಾಕು.
ಢಕ್.
ಗೂಡು ಇಲ್ಲ, ಹೊಗೆ ಇಲ್ಲ, ಸೌದೆಗೆಂದು ಒಂದು ಮರ ಬೀಳಲಿಲ್ಲ.
ಹಸಿ ಇಟ್ಟಿಗೆ ಅಚ್ಚಿನಿಂದ ಮೇಲೇಳುತ್ತದೆ,
ಎರಡೂ ಕೈಯಲ್ಲಿ ಎತ್ತಬೇಕು,
ಕೂಸನ್ನು ಎತ್ತಿದ ಹಾಗಲ್ಲ, ತುಂಬಿದ ತಟ್ಟೆ ಎತ್ತಿದ ಹಾಗೆ.

ಮೇಲೆ ಕಾಫಿ ಗೋಣಿ ಹೊದಿಸಿ ಇಪ್ಪತ್ತೊಂದು ದಿನ ನೀರುಣಿಸಬೇಕು.
ಅದು ನನ್ನ ಕೆಲಸ ಅಂದಳು ಬೊಳ್ಳವ್ವ,
ದಿನಕ್ಕೆ ಮೂರು ಸಲ ತಂಬಿಗೆ ಹಿಡಿದು ಬಂದು
ಬೈಯುತ್ತ ಬೈಯುತ್ತ ಹೊಯ್ದಳು:
"ಅವತ್ತು ಕಂಡಾಪಟ್ಟೆ ಕುಡಿದೆಯಲ್ಲ,
ಈಗ ಕೊಟ್ಟಷ್ಟು ಕುಡಿ."

ಇಪ್ಪತ್ತೆರಡನೇ ದಿನ ಒಂದನ್ನು ಎದೆಯೆತ್ತರದಿಂದ ಬೀಳಿಸಿದೆ.
ಮೂಲೆ ಚೂರು ಹಾರಿತು, ಅಷ್ಟೆ. ಪಾಸು.
ತಿರುಗಿ ನೋಡಿದರೆ ಸದ್ದಿಗೆ ಅವಳು
ಅಂಗಳದ ಆ ತುದಿಗೆ ಸರಿದು ನಿಂತಿದ್ದಳು.
ಹೇಳದೆ ಬೀಳಿಸಬಾರದಿತ್ತು ನಾನು.

ಮನೆ ಎದ್ದದ್ದು ದಿಣ್ಣೆಯ ಮೇಲೆ, ನೆಲ ಹೇಗಿತ್ತೋ ಹಾಗೆ.
ಈ ಸಲ ಗುಡ್ಡದ ಕಾಲು ಕಡಿಯಲಿಲ್ಲ,
ಜೆಸಿಬಿಯವನಿಗೆ ಗೇಟಿನಾಚೆಯೇ ಚಾ ಕೊಟ್ಟು ಕಳಿಸಿದ್ದಾಯಿತು.
ಮೊಣಕಾಲೆತ್ತರ ಕಲ್ಲಿನ ತಳ, ಮೂರಡಿ ಸೂರು,
ಹೊಳೆಯಂಚಲ್ಲಿ ಹೆಕ್ಕಿದ ಹಳೆ ಹೆಂಚು,
ಗೋಡೆಗೆ ಸುಣ್ಣ ಬೇಡ ಅಂದಳು,
"ಯಾರು ಅಂತ ಗೊತ್ತಿರಲಿ."

ಮೊನ್ನೆ ಕಕ್ಕಡದಲ್ಲಿ ಆ ದಾರಿ ಹೋಗಿದ್ದೆ.
ಮೂರು ದಿನದಿಂದ ಬಿಟ್ಟಿರಲಿಲ್ಲ ಮಳೆ.
ಕಿಟಕಿಯ ಕಟ್ಟೆ ಮೇಲೆ ಅದೇ ಸೀಸೆ,
ಕೆಳಗೆ ಮೂರು ಬಣ್ಣದ ಪದರ, ಮೇಲೆ ತಿಳಿನೀರು.
ಜೋರಾಗಿ ಬಾಗಿಲು ಹಾಕಿದರೂ
ಜೇಡಿ ಒಂದೆಳೆ ಹೊಗೆಯ ಹಾಗೆ ಏಳುತ್ತದಂತೆ.
ಅವಳು ಹೊರಗೆ ನೋಡುತ್ತಿರಲಿಲ್ಲ,
ಅದನ್ನೇ ನೋಡುತ್ತಿದ್ದಳು.

"ಅಲ್ಲಾಡಿಲ್ಲ" ಅಂದಳು.
ಮುಚ್ಚಳ ಬಿಗಿಯಿದೆಯೇ ಎಂದು ಇನ್ನೊಮ್ಮೆ ತಿರುಪಿ ನೋಡಿ
ಕಾಫಿಗೆ ನೀರಿಡಲು ಒಳಗೆ ಹೋದಳು.