ಆರನೆಯ ತೂತು

ನನಗೆ ಕೊಟ್ಟದ್ದು ಐದೇ ಗುಂಡು.
ಕಾಗದದಲ್ಲಿ ತೂತು ಆರು.

ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ
ಉಳಿದದ್ದನ್ನೆಲ್ಲ ನಾನು ಚಂದ ಮಾಡಿ ಹೇಳುತ್ತೇನೆ:
ಮೇಯ್ನ್ ಸೀಮೆಯ ಜುಲೈ, ಎಲುಬಿಗಿಳಿಯುವ ಸರೋವರದ ನೀರು,
ನಸುಕಿನಲ್ಲಿ ಹುಚ್ಚು ಹಿಡಿದಂತೆ ನಗುವ ಲೂನ್ ಹಕ್ಕಿ,
ಹನ್ನೊಂದು ವರ್ಷದ ಹುಡುಗಿಯರು ಹದಿನಾರು ಮಂದಿ
ಹುಲ್ಲು ತುಂಬಿದ ಹಳೇ ಹಾಸಿಗೆಗಳ ಮೇಲೆ ಬೋರಲು.
ಹಾಸಿಗೆಗೆ ಬೂಷ್ಟಿನ ವಾಸನೆ, ಬಂದೂಕಿಗೆ ಎಣ್ಣೆಯದು.

ಕಲಿಸಿದವರು ವಿನ್‌ಸ್ಲೋ ಹ್ಯಾಸ್ಕೆಲ್. ಚಳಿಗಾಲದಲ್ಲಿ
ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಸುರಿಯುವ ಕೆಲಸ.
ಎಡಗಿವಿ ಕೇಳದು; ಪ್ರಶ್ನೆಯಿದ್ದವರು
ಸುತ್ತಿಕೊಂಡು ಬಲಕ್ಕೆ ಹೋಗಬೇಕು.
ಜಾಮ್ ಡಬ್ಬಿಯಿಂದ ಗುಂಡು ಎಣಿಸಿ ಕೊಡುತ್ತಿದ್ದರು
ಅಂಗಡಿಯವ ಪೆಪ್ಪರಮಿಂಟು ಎಣಿಸುವ ಹಾಗೆ,
ಆಮೇಲೆ ಖಾಲಿ ಹಿತ್ತಾಳೆಯನ್ನೂ ಎಣಿಸಿ ವಾಪಸು.

ಮೊದಲ ದಿನ ಬಂದೂಕೇ ಇಲ್ಲ.
"ಎರಡೂ ಅಂಗೈ ಸೇರಿಸಿ ನಡುವೆ ಕಿಂಡಿ ಮಾಡಿ.
ಆಚೆ ದಡದ ಆ ಒಣ ಪೈನ್ ಮರವನ್ನು ಅದರೊಳಗೆ ಹಿಡಿಯಿರಿ.
ಈಗ ಒಂದು ಕಣ್ಣು ಮುಚ್ಚಿ. ಈಗ ಇನ್ನೊಂದು."
ಬಲಗಣ್ಣಲ್ಲಿ ನೋಡಿದರೆ ಮರ ಇಲ್ಲ.
ಎಡಗಣ್ಣಲ್ಲಿ ಇದೆ.
ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಗೊತ್ತಿತ್ತು,
ಮುಖದಲ್ಲಿ ಯಾರದು ಎಂದು ಅಂದೇ ಗೊತ್ತಾದದ್ದು.
ಬಲಗೈಯವಳು ನಾನು. ಹ್ಯಾಸ್ಕೆಲ್ ನನ್ನ ಕನ್ನಡಕದ
ಎಡಗಾಜಿಗೆ ಬ್ಯಾಂಡೇಜು ಅಂಟಿಸಿದರು:
"ಪಾಪ, ಇದಕ್ಕೆ ಸ್ವಲ್ಪ ರಜಾ."

ಪಕ್ಕದ ಹಾಸಿಗೆಯಲ್ಲಿ ಒಡೆಟ್ ತಿಬೊಡೋ.
ಚರ್ಚಿನವರು ದುಡ್ಡು ಕಟ್ಟಿ ಕಳಿಸಿದ್ದರು.
ಅಣ್ಣನ ಬೂಟು, ತುದಿಗೆ ಪೇಪರು ತುರುಕಿದ್ದು.
ಗುರಿಯ ಹಾಳೆ ಕೈಗೆ ಬಂದೊಡನೆ
ಬೆಳಕಿಗೆ ಹಿಡಿದು ನೋಡುತ್ತಿದ್ದಳು.
"ಅಪ್ಪನ ಮಿಲ್ಲಿನದಲ್ಲ. ನಮ್ಮದು ಇನ್ನೂ ದಪ್ಪ."
ನಾವೆಲ್ಲ ಕಪ್ಪು ವೃತ್ತ ನೋಡುತ್ತಿದ್ದಾಗ
ಅವಳಿಗೆ ಕಂಡದ್ದು ಕಾಗದ.

"ಉಸಿರು ಅರ್ಧ ಬಿಡು. ಇನ್ನರ್ಧ ನಿನ್ನಲ್ಲೇ ಇರಲಿ.
ಎಳೆಯಬೇಡ, ಒತ್ತು. ಒತ್ತುತ್ತಾ ಇರು.
ಗುಂಡು ಹಾರಿದ್ದು ಕಂಡು ನಿನಗೇ ಅಚ್ಚರಿಯಾಗಬೇಕು."
ರೆಪ್ಪೆಯ ಮೇಲೊಂದು ಕರಿನೊಣ. ಓಡಿಸುವಂತಿಲ್ಲ.
ಅರ್ಧ ಉಸಿರಿನೊಳಗೆ ಎಷ್ಟೊಂದು ಜಾಗವಿದೆ ಎಂದು
ಆ ಬೇಸಿಗೆಯವರೆಗೆ ಯಾರೂ ಹೇಳಿರಲಿಲ್ಲ.
ಟಪ್.
ಒಣಕಡ್ಡಿ ಮುರಿದಂತೆ, ಅಷ್ಟೇ.

ಕೊನೆಯ ಶುಕ್ರವಾರ ಪದಕದ ಪರೀಕ್ಷೆ.
ನನ್ನ ಹಾಳೆಗೆ ಬೆರಳಿಟ್ಟು ಹ್ಯಾಸ್ಕೆಲ್ ಎಣಿಸಿದರು.
ಮತ್ತೆ ಎಣಿಸಿದರು. ಅಂಚಿನ ಸುತ್ತ ಚೆದುರಿದವು ಐದು,
ನಟ್ಟನಡುವೆ ಒಂದು, ದಬ್ಬಳದಲ್ಲಿ ಚುಚ್ಚಿದಷ್ಟು ಅಚ್ಚುಕಟ್ಟು.
ಒಡೆಟ್‌ಳ ಹಾಳೆಯಲ್ಲಿ ನಾಲ್ಕು.
ನನ್ನ ಹಿತ್ತಾಳೆ ಐದು. ಅವಳದೂ ಐದು.
"ಕಾಗದ ಸುಳ್ಳು ಹೇಳುವುದಿಲ್ಲ," ಅಂದರು,
"ಹೆಸರನ್ನೂ ಹೇಳುವುದಿಲ್ಲ.
ನಡುವಿನದು ನಿನ್ನದೇನು?"

ನಾನು ಏನೋ ಅಂದೆ.
ನಿಂತಿದ್ದದ್ದು ಅವರ ಎಡಕ್ಕೆ.
ಅವರು ತಲೆಯಾಡಿಸಿ ಪೆನ್ಸಿಲಿನಲ್ಲಿ ಬರೆದುಕೊಂಡರು.

ಪದಕ ಗುಂಡಿಗಳ ಡಬ್ಬಿಯಲ್ಲಿ ಎಲ್ಲೋ ಇರಬೇಕು.
ಹೋದ ವರ್ಷ ಎಡಗಣ್ಣಿನ ಪೊರೆ ತೆಗೆದರು. ಆ ರಾತ್ರಿ
ಅದಕ್ಕೆ ಪಟ್ಟಿ ಕಟ್ಟಿ, ಆಳಿನ ಕಣ್ಣೊಂದನ್ನೇ ತೆರೆದು
ಆಸ್ಪತ್ರೆಯ ಮಂಚದಲ್ಲಿ ಮಲಗಿ ತುಂಬ ಪ್ರಯತ್ನಿಸಿದೆ.
ಹೌದು ಅಂದೆನೋ, ಗೊತ್ತಿಲ್ಲ ಅಂದೆನೋ.
ತುಟಿ ಅಲುಗಿದ್ದು ನೆನಪಿದೆ. ಸದ್ದು ಇಲ್ಲ.
ನನ್ನದೇ ಎಡಗಿವಿಗೆ ಹೇಳಿದಂತೆ.

ಒಡೆಟ್ ಜಗಳಕ್ಕೆ ಬರಲಿಲ್ಲ.
ನನ್ನ ಹಾಳೆಯನ್ನು ಈಸಿಕೊಂಡು, ಎಂದಿನಂತೆ,
ಬಿಸಿಲಿಗೆ ಎತ್ತಿ ಹಿಡಿದಳು.
ಮುಖದ ಮೇಲೆ ಆರು ಚುಕ್ಕಿ ಬೆಳಕು,
ನಡುವಿನದು ನೇರ ಕಣ್ಣಿಗೆ.
ಅವಳು ರೆಪ್ಪೆ ಬಡಿಯಲಿಲ್ಲ.
"ತೆಳು," ಅಂದಳು. ವಾಪಸು ಕೊಟ್ಟಳು.