ಚುಕ್ಕಿಗೆರೆ

ಶಿವಮೊಗ್ಗೆಯ ಸರ್ವೇ ಕಚೇರಿಯಲ್ಲಿ ನನ್ನದು
ಬಟ್ಟೆಯ ಮೇಲೆ ನಕಾಶೆ ಇಳಿಸುವ ಕೆಲಸ.
ಕಾಲು ಕುಂಟು, ಕೈ ಮಾತ್ರ ನೆಟ್ಟಗೆ.
ಮಣ್ಣು ಮೆಟ್ಟದೆ ತಾಲೂಕು ದಾಟುತ್ತೇನೆ.
ಗುಡ್ಡಕ್ಕೆ ಕಂದು, ಕಾಡಿಗೆ ಹಸಿರು, ಹೊಳೆಗೆ ನೀಲಿ,
ಅಳತೆ ಮೈಲಿಗೆ ಒಂದಂಗುಲ.
(ಮೈಲಿಗೆ ಎಂದೊಡನೆ ಮನೆಯಲ್ಲಿ ಅಜ್ಜಿ
ಸೆರಗು ಎಳೆದುಕೊಳ್ಳುತ್ತಾಳೆ.)

ಈ ಸಲ ಬಂದದ್ದು ನಗರದಾಚೆಯ ಹಾಳೆ,
ಘಟ್ಟದ ನೆತ್ತಿಯ ಕಾಡು, ಹೆಸರಿಲ್ಲದ ಹೊಳೆ.
ಸರ್ವೇಯರ್ ರಂಗಸಾಮಿ ಮೊದಲಿಯಾರರು ಚಳಿಜ್ವರ ಹತ್ತಿ
ತೀರ್ಥಹಳ್ಳಿಯಲ್ಲಿ ಮಲಗಿದ್ದಾರೆ.

ಗೆರೆ ಮೊದಲು ಗಟ್ಟಿಯಾಗಿಯೇ ಬರುತ್ತದೆ:
ಎಡದಂಡೆ, ಬಂಡೆ, ಮಡು,
ಸರಪಳಿ ನೂರಾ ಹನ್ನೆರಡು, ನೂರಾ ಹದಿಮೂರು.
ಆಮೇಲೆ ವಾಟೆಯ ಹಿಂಡು.
ಸರಪಳಿ ನುಗ್ಗದು, ಕಣ್ಣೂ ನುಗ್ಗದು.
ಅಂಚಿನಲ್ಲಿ ಪೆನ್ಸಿಲ್ಲಿನ ಒಂದು ಸಾಲು:
ಮುಂದಕ್ಕೆ ಹೊಳೆ ಕಂಡಿಲ್ಲ. ಸದ್ದು ಕೇಳಿ ಬರೆದದ್ದು.

ಕೇಳಿದ್ದನ್ನು ಹೇಗೆ ಬರೆಯುವುದು?
ನಿಯಮದ ಪುಸ್ತಕ ತೆಗೆದೆ. ಸಂತೆಗೆ ಗುರುತಿದೆ, ಸುಡುಗಾಡಿಗಿದೆ,
ಬಿದ್ದ ಕೋಟೆಗೂ ಒಣಗಿದ ಕೆರೆಗೂ ಇದೆ.
ಸದ್ದಿಗಿಲ್ಲ.
ಕಾಣದ ಹೊಳೆಗೆ ಚುಕ್ಕಿ ಎಂದಿತ್ತು. ದೀಪ ಹತ್ತಿರಕ್ಕೆಳೆದು
ಅವರಿಟ್ಟಲ್ಲೇ ಇಟ್ಟೆ, ಹದಿನೇಳು.

ಸೋಮವಾರ ಬಟವಾಡೆಗೆ ಬಂದ ಸರಪಳಿಯ ದುಗ್ಗ.
ಹೆಬ್ಬೆಟ್ಟೊತ್ತಿ, ಆರು ರೂಪಾಯಿ ಎರಡು ಸಲ ಎಣಿಸಿ
ನನ್ನ ಮೇಜಿನ ಬಳಿ ನಿಂತ.
ಉತ್ತರ ಮೇಲಿದ್ದ ಹಾಳೆಯನ್ನು ಕೇಳದೆಯೇ ತಿರುಗಿಸಿದ,
ತಾನು ಹತ್ತಿದ ಹಾದಿ ತನ್ನ ಹೊಟ್ಟೆಯಿಂದ ಹೊರಡುವ ಹಾಗೆ.
ಬೆರಳಲ್ಲಿ ನಡೆದ. ವಾಟೆಯ ಹತ್ತಿರ ನಿಧಾನ.
“ಇಲ್ಲಿ ನಾ ಮುಂದೆ, ಅಯ್ಯಾರು ಹಿಂದೆ.
ಹೊಳೆ ಸದ್ದು ಎಲ್ಲಾ ಕಡೆಗೂ ಒಂದೇ ಅಲ್ವಾ?
ನೀರಲ್ಲಿ ನಿಂತು ನಾ ಕೂ ಅಂತಿದ್ದೆ,
ಅವ್ರು ಚುಕ್ಕಿ ಇಡ್ತಿದ್ರು. ಹದಿನಾರು ಸಲ ಕೂಗಿದ್ದು.”

ಹದಿನೇಳಿವೆಯಲ್ಲೋ, ಎಂದೆ.

ಮೂಲ ಹಾಳೆಯನ್ನು ಕಿಟಕಿಗೆ ಹಿಡಿದೆವು.
ಒಂಬತ್ತರ ಆಚೆ ಒಂದು ಚುಕ್ಕಿ ಮಾತ್ರ ಗುಡ್ಡದ ಬಣ್ಣ.
ಉಗುರಿನಿಂದ ಕೆರೆದ, ಮೂಸಿದ.
“ಇಂಬಳ ಕಚ್ಚಿದ್ದು. ನಂದೋ ಅಯ್ಯಾರ್ದೋ ತಿಳೀತಿಲ್ಲ.”

ನನ್ನ ಬಟ್ಟೆಯಲ್ಲಿ ಹೊಳೆ ಅಲ್ಲಿ
ಮೊಣಕೈ ಮಡಚಿ, ಆ ರಕ್ತವನ್ನು ಮುಟ್ಟಿ
ಮತ್ತೆ ನೆಟ್ಟಗಾಗುತ್ತದೆ.
ಕೆರೆಯುವ ಚಾಕು ಕೈಗೆ ತೆಗೆದುಕೊಂಡೆ.
ದುಗ್ಗ ಮೆಟ್ಟಿಲಿಳಿಯುತ್ತಿದ್ದ, ಕೂಗಲಿಲ್ಲ.
ಹಾಳೆ ಹಾಗೇ ಕಲ್ಲಚ್ಚಿಗೆ ಹೋಯಿತು.

ರಾತ್ರಿ ತುಂಗೆಯ ದಂಡೆಗೆ ಹೋದೆ.
ಯಾರೂ ಇಲ್ಲವೆಂದು ನೋಡಿ, ಕಾಲು ನೀರಲ್ಲಿಟ್ಟು
ಒಂದು ಸಲ ಕೂ ಎಂದೆ.
ಆಚೆ ದಡದ ಕತ್ತಲಲ್ಲಿ ಅಂಬಿಗ
“ಬಂದೇ” ಎಂದು ದೋಣಿ ಬಿಚ್ಚಿದ.
ನನಗೆ ದಾಟುವುದಿರಲಿಲ್ಲ.